ಪುಟ್ಟ ಪೆಟ್ಟಿಗೆಯ ದೊಡ್ಡ ದನಿ

ಬೆಂಗಳೂರಿನ ದಂಡುಪ್ರದೇಶದವರಿಗೆ ಚಿತ್ರ ನೋಡುವುದೆಂದರೆ ಒಂದು ಕಾಲಕ್ಕೆ ಮನೆ ಬಿಟ್ಟು ಹೊರಡುವುದೆಂದೇ ಅರ್ಥವಾಗಿದ್ದಿತು. ಮಹಾತ್ಮಾ ಗಾಂಧಿ ರಸ್ತೆಯ ಪ್ಲಾಜಾ, ಬ್ರಿಗೇಡ್ ರಸ್ತೆಯ ರೆಕ್ಸ್, ಹಲಸೂರಿನ ಕಡೆಗೆ ಸಾಗುವಲ್ಲಿದ್ದ ಲಿಡೊ ಇವೆಲ್ಲವೂ ಒಂದೊಂದಾಗಿ ಕಣ್ಮರೆಯಾದುವು. ರೆಕ್ಸ್ ಬಾಗಿಲು ಹಾಕಿಕೊಂಡದ್ದು ೨೦೧೮ರ ಅಂತ್ಯದಲ್ಲಿ. ಈಗ ಚಿತ್ರಮಂದಿರವೇ ನಡುಮನೆಗೆ ನಡೆದುಬಂದಿದೆ. ಗೋಡೆಯ ಮೇಲೆ ಅಗಲವಾದ ಪರದೆ ಬಂದುದಾಯಿತು. ಅದರ ಬೆನ್ನಹಿಂದೆಯೇ ‘ಹೋಂ ಥಿಯೇಟರ್’ ಎಂಬ ಹೆಸರಿನಲ್ಲಿ ಐದಾರು ಧ್ವನಿಪೆಟ್ಟಿಗೆಗಳೂ ಬರಬೇಕೆಂದು ಮಕ್ಕಳು ಹಟ ಹಿಡಿಯುತ್ತಾರೆ.

ಆದರೆ ನಮ್ಮ ನಡುಮನೆಗಳ ಅಳತೆಯೇನು? ಹಲಸೂರಿನ ಸೋಮೇಶ್ವರ ದೇವಾಲಯದ ಸುತ್ತಲಿನ ಹಳೆಯ ಬೀದಿಗಳಲ್ಲಿ ಒಂದು ಮನೆಯ ಗೋಡೆಯೇ ಇನ್ನೊಂದು ಮನೆಯ ಗೋಡೆಯೂ ಆಗಿರುತ್ತದೆ. ಇಂದಿರಾನಗರದಲ್ಲಿ ಒಂಟಿಮನೆಗಳಿದ್ದ ನಿವೇಶನಗಳ ಮೇಲೆ ಮೂರು ನಾಲ್ಕು ಅಂತಸ್ತುಗಳು ಎದ್ದಿವೆ. ಕೃಷ್ಣರಾಜಪುರದ ಆಚೀಚೆಯಂತೂ ಫ್ಲ್ಯಾಟುಗಳದೇ ರಾಜ್ಯ. ಹತ್ತಡಿ ಅಗಲ, ಹದಿನಾಲ್ಕಡಿ ಉದ್ದದ ಕೋಣೆಯಲ್ಲಿ ಸೋಫಾ, ಊಟದ ಮೇಜು, ದೇವರ ಮಂಟಪಗಳ ನಡುವೆ ಆಳೆತ್ತರದ ಸ್ಪೀಕರುಗಳಿಗೆ ಸ್ಥಳವೆಲ್ಲಿ? ಆದುದರಿಂದ ಪುಸ್ತಕದ ಕಪಾಟಿನಲ್ಲಿ ಕೂರಬಲ್ಲ ಪುಟ್ಟ ಪೆಟ್ಟಿಗೆಗಳಿಗೇ ನಾವು ಶರಣು ಹೋಗಬೇಕಾಗಿದೆ.

‘ಗಾತ್ರ ಚಿಕ್ಕದು, ಶಬ್ದ ಮಾತ್ರ ದೊಡ್ಡದು ಸಾರ್’ ಎನ್ನುವುದು ಅಂಗಡಿಯವರ ಮಂತ್ರ. ಇದರಲ್ಲಿ ಅರ್ಧದಷ್ಟು ಸತ್ಯವಿದೆ. ಸ್ಪೀಕರಿನ ಶಂಕು ಗಾಳಿಯನ್ನು ನೂಕಿದರೆ ತಾನೆ ಶಬ್ದ? ತಗ್ಗಿದ ಸ್ವರಕ್ಕೆ ಹೆಚ್ಚು ಗಾಳಿ ನೂಕಬೇಕು. ೮೦ ಹರ್ಟ್ಸಿನ ಸ್ವರವನ್ನು ನುಡಿಸುವ ಶಂಕುವೇ ೪೦ ಹರ್ಟ್ಸನ್ನು ಅಷ್ಟೇ ಗಟ್ಟಿಯಾಗಿ ನುಡಿಸಬೇಕಾದರೆ ನಾಲ್ಕುಪಟ್ಟು ದೂರ ಹಿಂದುಮುಂದಾಗಬೇಕು. ಮೂರಂಗುಲದ ಶಂಕುವಿಗೆ ಇದು ಆಗದ ಮಾತು. ಪೆಟ್ಟಿಗೆ ಚಿಕ್ಕದಾಗಿರಬೇಕು, ಮಂದ್ರಸ್ವರ ಆಳವಾಗಿ ಬರಬೇಕು, ಕಡಮೆ ವಿದ್ಯುತ್ತಿಗೆ ಹೆಚ್ಚು ಸದ್ದಾಗಬೇಕು ಎಂಬ ಮೂರು ಬಯಕೆಗಳಲ್ಲಿ ಯಾವುವಾದರೂ ಎರಡು ಮಾತ್ರ ಈಡೇರುತ್ತವೆ. ಇದನ್ನು ಹಾಫ್‌ಮನ್ನನ ಕಬ್ಬಿಣದ ನಿಯಮವೆಂದೇ ಕರೆಯುತ್ತಾರೆ.

ಹಾಗೆಂದು ಪುಟ್ಟ ಪೆಟ್ಟಿಗೆಯನ್ನು ಹಳಿಯುವಂತಿಲ್ಲ. ಅಮೆರಿಕದ ಎಡ್ಗರ್ ವಿಲ್ಚರ್ ೧೯೫೪ರಲ್ಲಿ, ಬಿಗಿಯಾಗಿ ಮುಚ್ಚಿದ ಪೆಟ್ಟಿಗೆಯೊಳಗಿನ ಗಾಳಿಯನ್ನೇ ಸ್ಪ್ರಿಂಗಿನಂತೆ ದುಡಿಸಿಕೊಂಡು, ಆ ಕಾಲದ ಬೀರುವಿನಂತಹ ಸ್ಪೀಕರುಗಳ ಕೆಲಸವನ್ನು ಕಪಾಟಿನಲ್ಲಿಡಬಹುದಾದ ಪೆಟ್ಟಿಗೆಯಿಂದ ಮಾಡಿಸಿದ. ೧೯೭೦ರ ದಶಕದಲ್ಲಿ ಬಿ.ಬಿ.ಸಿ.ಯ ಇಂಜಿನಿಯರುಗಳು ಹೊರಾಂಗಣ ಪ್ರಸಾರದ ಇಕ್ಕಟ್ಟಾದ ವಾಹನಗಳಿಗಾಗಿ ಒಂದಡಿ ಎತ್ತರದ, ಎಲ್‌.ಎಸ್‌. ೩/೫ಎ ಎಂಬ ಪೆಟ್ಟಿಗೆಯನ್ನು ರೂಪಿಸಿದರು. ಮನುಷ್ಯನ ಮಾತನ್ನು ಸಹಜವಾಗಿ ಕೇಳಿಸುವುದರಲ್ಲಿ ಅದು ಹೆಸರುವಾಸಿ. ರಸಿಕರು ಅದನ್ನು ಇಂದಿಗೂ ಹುಡುಕಿಕೊಂಡು ಹೋಗುತ್ತಾರೆ. ಚಿಕ್ಕ ಪೆಟ್ಟಿಗೆಗೆ ಒಲಿದುಬಂದ ವಿದ್ಯೆ ಗುಡುಗಲ್ಲ, ಮಾತು.

ಗುಡುಗಿಗೆ ಬೇರೆಯೇ ಒಂದು ಪೆಟ್ಟಿಗೆಯುಂಟು, ಅದೇ ಸಬ್‌ವೂಫರ್. ಸುಮಾರು ೮೦ ಹರ್ಟ್ಸಿಗಿಂತ ಕೆಳಗಿನ ಶಬ್ದ ಯಾವ ದಿಕ್ಕಿನಿಂದ ಬಂದಿತೆಂದು ನಮ್ಮ ಕಿವಿ ಗುರುತಿಸಲಾರದು. ಕಿವಿಯ ಈ ದೌರ್ಬಲ್ಯವನ್ನೇ ಬಂಡವಾಳ ಮಾಡಿಕೊಂಡು, ಮಂದ್ರವನ್ನೆಲ್ಲ ಒಂದು ಪೆಟ್ಟಿಗೆಗೆ ವಹಿಸಿ ಅದನ್ನು ಮರೆಯಲ್ಲಿಟ್ಟು, ಉಳಿದುದನ್ನು ಪುಟಾಣಿ ಪೆಟ್ಟಿಗೆಗಳಿಗೆ ಬಿಡುತ್ತಾರೆ. ಬಂಗಾಳದಿಂದ ಅಮೆರಿಕೆಗೆ ಹೋಗಿ ನೆಲೆಸಿದ ಸ್ವಾತಂತ್ರ್ಯ ಹೋರಾಟಗಾರರೊಬ್ಬರ ಮಗನಾದ ಅಮರ್ ಬೋಸ್ ಅವರ ಕಂಪೆನಿ ೧೯೮೭ರಲ್ಲಿ ಅಂಗೈಯಗಲದ ಘನಾಕೃತಿಗಳನ್ನು ಮಾರುಕಟ್ಟೆಗೆ ತಂದಮೇಲೆ ಈ ಏರ್ಪಾಡು ಮನೆಮಾತಾಯಿತು.

ಇಲ್ಲಿ ಒಂದು ಎಚ್ಚರ ಬೇಕು. ಪುಟಾಣಿಗಳು ತೀರ ಪುಟಾಣಿಯಾದರೆ ೮೦ರವರೆಗೆ ಇಳಿಯಲಾರದೆ ೧೫೦ ಅಥವಾ ೨೦೦ ಹರ್ಟ್ಸಿಗೇ ಕೈಚೆಲ್ಲುತ್ತವೆ. ಗಂಡು ದನಿಯ ಬುಡವಿರುವುದು ಸರಿಸುಮಾರು ೮೫ರಿಂದ ೧೮೦ ಹರ್ಟ್ಸಿನ ನಡುವೆ. ಆಗ ಆಗುವುದೇನೆಂದರೆ, ವಜ್ರಮುನಿಯವರ ತುಟಿ ಪರದೆಯ ಮೇಲೆ ಅಲ್ಲಾಡುತ್ತದೆ, ಅವರ ಎದೆ ಮಾತ್ರ ದಿವಾನದ ಕೆಳಗಿನಿಂದ ಮಾತನಾಡುತ್ತದೆ! ನೋಡಲು ಮುದ್ದಾಗಿದೆ ಎಂಬ ಒಂದೇ ಕಾರಣಕ್ಕೆ ಅಂಥವನ್ನು ಕೊಳ್ಳಬಾರದು. ನಾಲ್ಕು ಇಲ್ಲವೆ ಐದಂಗುಲದ ಶಂಕುವುಳ್ಳ, ೮೦ರಿಂದ ೧೦೦ ಹರ್ಟ್ಸಿನವರೆಗೆ ಇಳಿಯಬಲ್ಲ ಪೆಟ್ಟಿಗೆಯೇ ನಮ್ಮ ಮನೆಗಳಿಗೆ ಯೋಗ್ಯವಾದುದು.

ಇನ್ನು, ಇರುವ ಹಣವನ್ನು ಎಲ್ಲಿ ಸುರಿಯಬೇಕು? ನನ್ನ ಉತ್ತರ ನಿಸ್ಸಂದಿಗ್ಧ: ಪರದೆಯ ನಡುವೆ ಕೂರುವ ಸೆಂಟರ್ ಸ್ಪೀಕರಿಗೆ. ಚಿತ್ರದ ಸಂಭಾಷಣೆಯ ಬಹುಪಾಲು ಬರುವುದು ಅದೊಂದರಿಂದಲೇ. ಕನ್ನಡವನ್ನು ಪಾಠ ಹೇಳುವವನಾದುದರಿಂದ ನನಗೆ ಇದರಲ್ಲಿ ಸ್ವಲ್ಪ ಪಕ್ಷಪಾತವಿದ್ದೀತು. ಆದರೂ ಯೋಚಿಸಿ. ಸ್ವರಗಳು ಮಾತಿಗೆ ಬಲ ಕೊಡುತ್ತವೆ. ಅರ್ಥವನ್ನು ಹೊರುವ ಭಾರ ಹೆಚ್ಚಾಗಿ ವ್ಯಂಜನಗಳದು. ಸ, ಶ, ಷಗಳ ಉಸಿರು, ತ-ಥಗಳ ಅಂತರ ಇವೆಲ್ಲ ಮೇಲಿನ ಕಂಪನಗಳಲ್ಲಿ ಅಡಗಿವೆ. ವಯಸ್ಸಾದವರ ಕಿವಿ ಮೊದಲು ಕಳೆದುಕೊಳ್ಳುವುದೂ ಆ ಕಂಪನಗಳನ್ನೇ. ನಡುವಿನ ಪೆಟ್ಟಿಗೆ ಕಳಪೆಯಾದರೆ ‘ಏನಂದ? ಏನಂದ?’ ಎಂದು ತಾತ ಕೇಳುತ್ತಲೇ ಇರುತ್ತಾರೆ. ಮೊಮ್ಮಗ ಶಬ್ದವನ್ನು ಏರಿಸುತ್ತಲೇ ಹೋಗುತ್ತಾನೆ. ಮುಂದಿನ ಹೊಡೆದಾಟದ ದೃಶ್ಯದಲ್ಲಿ ಕೇರಿಯೇ ಬೆಚ್ಚಿಬೀಳುತ್ತದೆ. ಕೊನೆಗೆ ತಾತ ಕೋಣೆ ಸೇರಿ ಬಾಗಿಲು ಹಾಕಿಕೊಳ್ಳುತ್ತಾರೆ. ಎಲ್ಲರೂ ಕೂಡಿ ನೋಡಲೆಂದು ತಂದ ವಸ್ತು ಒಬ್ಬರನ್ನು ಹೊರಗೆ ಕಳುಹಿಸಿತಲ್ಲ!

ಆದುದರಿಂದ ನಡುವಿನದು ಎಡಬಲದವುಗಳ ಜಾತಿಯದೇ ಆಗಿರಲಿ. ಅದನ್ನು ಕಪಾಟಿನ ಗೂಡಿನೊಳಗೆ ತಳ್ಳದೆ ಅಂಚಿಗೆ ತಂದು, ಕೂತವರ ಕಿವಿಯತ್ತ ಮುಖ ಮಾಡಿ ಇಡಬೇಕು.

ವಾಟುಗಳ ಲೆಕ್ಕಕ್ಕೆ ಮರುಳಾಗುವ ಅಗತ್ಯವಿಲ್ಲ. ಡಬ್ಬದ ಮೇಲೆ ಸಾವಿರಗಟ್ಟಲೆ ‘ಪಿ.ಎಂ.ಪಿ.ಒ.’ ವಾಟುಗಳನ್ನು ಮುದ್ರಿಸುವುದಕ್ಕೆ ಶಾಯಿಯ ಖರ್ಚು ಮಾತ್ರ. ‘ಆರ್.ಎಂ.ಎಸ್.’ ಎಷ್ಟೆಂದು ಕೇಳಿ. ಅದಕ್ಕಿಂತ ಮುಖ್ಯವಾಗಿ, ಒಂದು ವಾಟಿಗೆ ಒಂದು ಮೀಟರು ದೂರದಲ್ಲಿ ಎಷ್ಟು ಡೆಸಿಬೆಲ್ ಎಂದು ಕೇಳಿ. ೮೮ ಡೆಸಿಬೆಲ್ಲಿನ ಪೆಟ್ಟಿಗೆಯಷ್ಟೇ ಸದ್ದು ಮಾಡಲು ೮೫ರದಕ್ಕೆ ಎರಡರಷ್ಟು ವಿದ್ಯುತ್ತು ಬೇಕಾಗುತ್ತದೆ.

ಸಬ್‌ವೂಫರಿನ ವಿಷಯದಲ್ಲಿ ನೆರೆಯವರೂ ಪಾಲುದಾರರೇ. ೮೦ ಹರ್ಟ್ಸಿನ ಒಂದು ಅಲೆಯ ಉದ್ದ ನಾಲ್ಕು ಮೀಟರಿಗೂ ಹೆಚ್ಚು, ಅಂದರೆ ಹೇಳಿದ ಆ ನಡುಮನೆಯಷ್ಟು! ಪರದೆ, ದಿಂಬುಗಳು ಅದನ್ನು ತಡೆಯಲಾರವು. ಗೋಡೆಯೇ ತಾನೂ ನಡುಗಿ ಅದನ್ನು ಆಚೆಗೆ ದಾಟಿಸುತ್ತದೆ. ಅಲ್ಲಿ ಮಾತು ಕೇಳದು, ಸಂಗೀತ ಕೇಳದು, ‘ಧಂ ಧಂ’ ಎಂಬ ಗುದ್ದು ಮಾತ್ರ. ಬೆಳಗಿನ ಪಾಳಿಗೆ ಏಳಬೇಕಾದವನೊಬ್ಬ ಆ ಗೋಡೆಗೆ ತಲೆಯಿಟ್ಟು ಮಲಗಿರಬಹುದು. ೨೦೦೦ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲಿಗೆ ೫೫, ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ೪೫ ಡೆಸಿಬೆಲ್ ಮಿತಿ. ಖಾಸಗಿ ಧ್ವನಿಯಂತ್ರ ಮನೆಯ ಎಲ್ಲೆಯಲ್ಲಿ ಅದಕ್ಕಿಂತ ಐದು ಡೆಸಿಬೆಲ್ ಮಾತ್ರ ಮೀರಬಹುದು. ಎಂಟಂಗುಲದ ಸಬ್‌ವೂಫರ್ ನಮ್ಮ ಕೋಣೆಗಳಿಗೆ ಸಾಕು. ಅದನ್ನು ಜಂಟಿ ಗೋಡೆಯಿಂದ ದೂರವಿಡಿ. ಮೂಲೆಗೆ ಒತ್ತಿದರೆ ಅದರ ಅಬ್ಬರ ಇನ್ನೂ ಹೆಚ್ಚುತ್ತದೆ. ಕೆಳಗೆ ದಪ್ಪ ರಬ್ಬರು ಹಾಸಿ.

ಅಂಗಡಿಗೆ ಹೋದಾಗ ಅವರು ಹಾಕುವ ವಿಮಾನ, ಸ್ಫೋಟಗಳನ್ನು ಕೇಳಿ ಬೆರಗಾಗಿ ಬರಬೇಡಿ. ನಿಮಗೆ ಬಾಯಿಪಾಠವಾಗಿರುವ ಯಾವುದಾದರೂ ಚಿತ್ರದ ಸಂಭಾಷಣೆಯನ್ನು ತಗ್ಗಿದ ದನಿಯಲ್ಲಿ ಹಾಕಿಸಿ, ಪ್ರತಿ ಅಕ್ಷರ ಕೇಳಿಸುತ್ತದೆಯೇ ನೋಡಿ. ಅನಂತರ ೨೦೨೨ರ ‘ಕಾಂತಾರ’ದ ದೈವದ ಕೂಗು, ಅದು ಮೈ ನವಿರೇಳಿಸಬೇಕೇ ಹೊರತು ಒಡೆದ ತಗಡಿನಂತೆ ಕಿರುಗುಟ್ಟಬಾರದು. ಕೊನೆಗೆ ಮೃದಂಗ. ಅದರ ಕರಣೆಯ ಲೇಪವೇ ಚರ್ಮದ ನಾದವನ್ನು ತಂತಿಯ ನಾದದಂತೆ ಶ್ರುತಿಬದ್ಧಗೊಳಿಸುತ್ತದೆ, ಸಿ. ವಿ. ರಾಮನ್ನರು ೧೯೨೦ರಲ್ಲೇ, ಬೆಂಗಳೂರಿಗೆ ಬರುವ ಮೊದಲೇ, ಈ ಬಗೆಯ ವಾದ್ಯಗಳ ಕುರಿತು ಬರೆದಿದ್ದರು. ಬಲಂತಲೆಯ ಈ ನಾದ ಪುಟ್ಟ ಪೆಟ್ಟಿಗೆಯಿಂದಲೂ ಎಡಂತಲೆಯ ಗುಂಕಾರ ಸಬ್‌ವೂಫರಿನಿಂದಲೂ ಬಂದು, ಎರಡೂ ಒಬ್ಬನೇ ವಾದಕನ ಕೈಗಳೆಂದು ತೋರಿದರೆ ಜೋಡಣೆ ಸರಿಯಾಗಿದೆ ಎಂದು ತಿಳಿಯಬಹುದು.

ಮನೆಗೆ ತಂದಮೇಲೆ ಕೆಲಸ ಇನ್ನಷ್ಟಿದೆ. ಬರಿಯ ಗ್ರಾನೈಟ್ ನೆಲ, ಬೋಳು ಗೋಡೆಗಳಿಗೆ ಬಡಿದ ಮಾತು ಕಲಸಿಹೋಗುತ್ತದೆ. ನೆಲಕ್ಕೊಂದು ಜಮಖಾನ, ಕಿಟಕಿಗೆ ದಪ್ಪ ಪರದೆ, ಪಕ್ಕದ ಗೋಡೆಗೆ ಪುಸ್ತಕದ ಕಪಾಟು ಇದ್ದರೆ ಸಾವಿರಾರು ರೂಪಾಯಿ ಉಳಿದಂತೆ. ತಲೆಯ ಮೇಲಿನಿಂದ ಮಳೆ ಸುರಿದಂತೆ ಕೇಳಿಸುವ ‘ಅಟ್ಮಾಸ್’ ಏರ್ಪಾಡಿಗಾಗಿ ಶಬ್ದವನ್ನು ಛಾವಣಿಗೆ ಚಿಮ್ಮಿಸುವ ಪೆಟ್ಟಿಗೆಗಳೂ ಬಂದಿವೆ. ಛಾವಣಿ ಸಮತಟ್ಟಾಗಿದ್ದು ಬಹಳ ಎತ್ತರವಿಲ್ಲದಿದ್ದರೆ ಅವು ನಡೆದಾವು. ಫ್ರೇಜರ್ ಟೌನಿನಲ್ಲಿ ಅಳಿದುಳಿದ ಹಂಚಿನ ಬಂಗಲೆಗಳವರು ಆ ಆಸೆಯನ್ನು ಬಿಡುವುದೇ ಲೇಸು.

ಐದು ಪೆಟ್ಟಿಗೆಗಳನ್ನೂ ಒಂದೇ ದಿನ ಕೊಳ್ಳಲೇಬೇಕೆಂದಿಲ್ಲ. ಮೊದಲು ನಡುವಿನದು, ಎಡಬಲದವು, ಒಂದು ಸಬ್‌ವೂಫರ್. ಹಿಂಬದಿಯ ಎರಡನ್ನು ಮುಂದಿನ ದೀಪಾವಳಿಗೆ ಕೊಂಡರಾಯಿತು. ತಂತಿಯ ತಂಟೆಯೇ ಬೇಡವೆಂದು ‘ವೈರ್‌ಲೆಸ್’ ತರುವವರು ಅದಕ್ಕೂ ವಿದ್ಯುತ್ತಿನ ತಂತಿಯೊಂದು ಬೇಕೆಂಬುದನ್ನು ನೆನೆದು, ಸೋಫಾದ ಹಿಂದೆ ಪ್ಲಗ್ಗಿನ ಜಾಗವಿದೆಯೇ ಎಂದು ಮೊದಲು ನೋಡಿಕೊಳ್ಳಲಿ.