ಬಾಗಿಲಿಗೆ ಬೀಗ, ಮನಸ್ಸಿಗೆ ಎಚ್ಚರ

ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕಿದರೆಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಕಳ್ಳತನವಾದ ಮೇಲೆ ಹೊಸ ಬೀಗ ಕೊಳ್ಳುವವರು ಹಲವರು. ಅದಕ್ಕೆ ಮುನ್ನ ಹಿತ್ತಲ ಬಾಗಿಲಿನ ಚಿಲಕವನ್ನೊಮ್ಮೆ ಅಲುಗಾಡಿಸಿ ನೋಡುವವರು ಕೆಲವರೇ.

ನಮ್ಮ ದಾವಣಗೆರೆ ಜಿಲ್ಲೆಯ ನ್ಯಾಮತಿಯಲ್ಲಿ 2024ರ ಅಕ್ಟೋಬರ್ ಕೊನೆಯ ವಾರ ನಡೆದ ಘಟನೆ ಈ ವಿಚಾರದಲ್ಲಿ ಕಣ್ಣು ತೆರೆಸುವಂತಹುದು. ವಾರಾಂತ್ಯದ ರಜೆ ಮುಗಿಸಿ ಸೋಮವಾರ ಸ್ಟೇಟ್ ಬ್ಯಾಂಕ್ ಶಾಖೆಯನ್ನು ತೆರೆದಾಗ, ಗ್ರಾಹಕರು ಅಡವಿಟ್ಟಿದ್ದ ಸುಮಾರು 17 ಕಿಲೋ ಚಿನ್ನ ಮಾಯವಾಗಿತ್ತು. ಕಳ್ಳರು ಮುಂಬಾಗಿಲ ತಂಟೆಗೆ ಹೋಗದೆ, ಕಿಟಕಿಯ ಸರಳುಗಳನ್ನು ಕಿತ್ತು ಒಳಹೊಕ್ಕಿದ್ದರು. ಕ್ಯಾಮೆರಾದ ದೃಶ್ಯಗಳನ್ನು ಸಂಗ್ರಹಿಸುವ ಪೆಟ್ಟಿಗೆಯನ್ನೂ ಹೊತ್ತೊಯ್ದು, ನೆಲಕ್ಕೆ ಖಾರದ ಪುಡಿ ಎರಚಿದ್ದರು. 2025ರ ಮಾರ್ಚ್ ಅಂತ್ಯದಲ್ಲಿ ಆರು ಮಂದಿಯ ಬಂಧನವಾದ ಸುದ್ದಿ ಬಂತು. ಚಿನ್ನದ ಬಹುಪಾಲು ದೊರೆತದ್ದು ತಮಿಳುನಾಡಿನ ಮಧುರೆ ಜಿಲ್ಲೆಯ ಒಂದು ಬಾವಿಯಲ್ಲಿ. ಪೊಲೀಸರ ಪ್ರಕಾರ ಪ್ರಮುಖ ಆರೋಪಿಯು ನ್ಯಾಮತಿಯಲ್ಲೇ ತಿಂಡಿ ವ್ಯಾಪಾರ ಮಾಡುತ್ತಿದ್ದವನು; ಬ್ಯಾಂಕಿನಲ್ಲಿ ಸಾಲ ಕೇಳಿ ನಿರಾಕರಿಸಲ್ಪಟ್ಟವನು.

ಇದರಿಂದ ಎರಡು ಮಾತು ಸ್ಪಷ್ಟವಾಗುತ್ತವೆ. ಮೊದಲನೆಯದು, ಕಳ್ಳನು ಹುಡುಕುವುದು ನಮ್ಮ ಬಲವನ್ನಲ್ಲ, ದೌರ್ಬಲ್ಯವನ್ನು. ಎರಡನೆಯದು, ಯಾರನ್ನು ಶಂಕಿಸಬೇಕೆಂಬ ನಮ್ಮ ಊಹೆ ಬಹುಮಟ್ಟಿಗೆ ಹುಸಿಯಾಗಬಹುದು.

ಮೊದಲನೆಯದನ್ನೇ ನೋಡೋಣ. ಬೀಗ ಎಷ್ಟೇ ದುಬಾರಿಯದಾದರೂ, ಅದನ್ನು ಸಿಕ್ಕಿಸುವ ಕೊಂಡಿಯ ಮೊಳೆಗಳು ಹಳೆಯ ಮರದಲ್ಲಿ ಸಡಿಲಗೊಂಡಿದ್ದರೆ ಪ್ರಯೋಜನವಿಲ್ಲ. ಬಾಗಿಲನ್ನು ತೂರಿ ಒಳಬದಿಯಲ್ಲಿ ನಟ್ಟು ಬಿಗಿಯುವಂತಹ ಬೋಲ್ಟುಗಳನ್ನು ಹಾಕಿಸುವುದು ಒಳಿತು. ಹಿತ್ತಲ ಬಾಗಿಲು, ಬಚ್ಚಲಿನ ಕಿಟಕಿ, ಹೆಂಚಿನ ಮಾಡು, ಗೋಡೆಗೆ ಒರಗಿಸಿಟ್ಟ ಏಣಿ, ಇವೆಲ್ಲವೂ ಕಳ್ಳನಿಗೆ ದಾರಿಗಳೇ. ಬೀಗದ ಕೈಯನ್ನು ಹೂಕುಂಡದ ಕೆಳಗೋ ಬಾಗಿಲಿನ ಮೇಲ್ಪಟ್ಟಿಯ ಮೇಲೋ ಇಡುವ ಗುಟ್ಟನ್ನು ನಮಗಿಂತ ಚೆನ್ನಾಗಿ ಬಲ್ಲವನು ಅವನೇ.

ಸೆಪ್ಟೆಂಬರ್ 8ರ ಹರಿಹರದ ಆರೋಗ್ಯಮಾತೆಯ ಹಬ್ಬಕ್ಕೆ, ವೇಳಾಂಗಣ್ಣಿಯ ಯಾತ್ರೆಗೆ, ಕ್ರಿಸ್ಮಸ್ ನಡುರಾತ್ರಿಯ ಬಲಿಪೂಜೆಗೆ ನಮ್ಮ ಕುಟುಂಬಗಳು ಮನೆಮಂದಿಯೆಲ್ಲ ಒಟ್ಟಾಗಿ ಹೊರಡುತ್ತವೆ. ಆಗ ಬಾಗಿಲಲ್ಲಿ ಬಿದ್ದ ಪತ್ರಿಕೆ, ಹಗಲಲ್ಲೂ ಉರಿಯುವ ದೀಪ, ವಾಟ್ಸಾಪಿನಲ್ಲಿ ಹಾಕಿದ ಪ್ರಯಾಣದ ಚಿತ್ರ, ಇವೆಲ್ಲ ಮನೆಯಲ್ಲಿ ಯಾರೂ ಇಲ್ಲವೆಂದು ಸಾರುತ್ತವೆ. ಚಿತ್ರಗಳನ್ನು ಮರಳಿ ಬಂದ ಮೇಲೆ ಹಂಚಿಕೊಳ್ಳಬಹುದು. ಹೊರಡುವ ಮುನ್ನ ನೆರೆಮನೆಯವರಿಗೂ ಪೊಲೀಸ್ ಠಾಣೆಗೂ ತಿಳಿಸಬೇಕು. ಪಕ್ಕದ ಮನೆಯವರೊಡನೆ ಮಾತು ಬಿಟ್ಟಿರುವವನ ಮನೆಗೆ ನಾಲ್ಕು ಬೀಗಗಳಿದ್ದರೂ ಕಾವಲಿಲ್ಲ.

ಅಡಿಕೆ ಮಾರಿದ ಹಣವನ್ನು ದಿನಗಟ್ಟಲೆ ಬೀರುವಿನಲ್ಲಿಡುವುದು ಸಲ್ಲದು. ಒಡವೆಗಳನ್ನು ಬ್ಯಾಂಕಿನ ಲಾಕರಿನಲ್ಲಿಡುವವರೂ ಒಂದು ವಿಷಯ ತಿಳಿದಿರಲಿ. 2022ರ ಜನವರಿಯಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕಿನ ನಿಯಮದಂತೆ, ಲಾಕರಿನಲ್ಲಿದ್ದುದು ಕಳುವಾದರೆ ಬ್ಯಾಂಕಿನ ಹೊಣೆ ವಾರ್ಷಿಕ ಬಾಡಿಗೆಯ ನೂರು ಪಟ್ಟಿಗೆ ಸೀಮಿತ. ಆದ್ದರಿಂದ ಪ್ರತಿ ಒಡವೆಯ ಚಿತ್ರ, ತೂಕ, ರಸೀದಿಗಳನ್ನು ಬೇರೆಡೆ ಕಾದಿರಿಸಬೇಕು. ಕಳುವಾದ ಒಡವೆ ಪತ್ತೆಯಾದಾಗ ಅದು ತಮ್ಮದೆಂದು ತೋರಿಸಲು ಇವೇ ಆಧಾರ.

ಇನ್ನು ಎರಡನೆಯ ಮಾತು. ಉಬ್ರಾಣಿ, ಚನ್ನಗಿರಿಯ ಕಡೆ ಅಡಿಕೆ ಕೊಯ್ಲಿನ ಕಾಲದಲ್ಲಿ ಹೊರಗಿನಿಂದ ಕೂಲಿಯವರು ಬರುತ್ತಾರೆ. ಮನೆಯಲ್ಲಿ ಒಂದು ಉಂಗುರ ಕಾಣದಾದರೆ ಸಾಕು, ಮೊದಲ ನೋಟ ಬೀಳುವುದು ಅವರ ಮೇಲೆ, ಇಲ್ಲವೇ ಪಾತ್ರೆ ತೊಳೆಯುವ ಹೆಣ್ಣುಮಗಳ ಮೇಲೆ. ಎಚ್ಚರವೇ ಬೇರೆ, ಸಂಶಯವೇ ಬೇರೆ. ಎಚ್ಚರಕ್ಕೆ ಬಾಗಿಲನ್ನು ಪರೀಕ್ಷಿಸಿದರೆ ಸಾಕು. ಸಂಶಯವು ಬಡವನ ಮುಖವನ್ನು ಪರೀಕ್ಷಿಸಲು ಹೊರಡುತ್ತದೆ. ನ್ಯಾಮತಿಯ ಪ್ರಕರಣದಲ್ಲಿ ಬಂಧಿತನಾದವನು ಊರಿಗೆಲ್ಲ ತಿಂಡಿ ಮಾರುತ್ತಿದ್ದ ಅಂಗಡಿಯವನೆಂಬುದನ್ನು ಮರೆಯದಿರೋಣ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದೆಂದು ನಮ್ಮ ಹಿರಿಯರು ಹೇಳಿದ್ದಾರೆ. ಚಿನ್ನ ಬಾವಿಯಿಂದಲೂ ಮರಳಿ ಬಂದೀತು. ನಾಲ್ವರ ಮುಂದೆ ಚೀಲ ಸುರಿಸಿ ಅವಮಾನಿಸಿದವಳ ಮಾನವನ್ನು ನಾವು ಎಲ್ಲಿಂದ ತಂದುಕೊಡುವೆವು? ಪರರ ಸ್ವತ್ತನ್ನು ಕದಿಯುವುದು ಪಾಪವೆಂದು ಮಕ್ಕಳಿಗೆ ಕಲಿಸುವ ನಾವು, ಪರರ ಮಾನವನ್ನು ಕದಿಯುವುದೂ ಕಳವೇ ಎಂದು ಕಲಿಸಬೇಡವೇ?

ಹಾಗೆಂದು ಕಳವಾದಾಗ ಸುಮ್ಮನಿರಬೇಕೆಂದಲ್ಲ. ಬಾಗಿಲು ಮುರಿದಿರುವುದು ಕಂಡರೆ ಒಳಗೆ ನುಗ್ಗಬಾರದು. ಕಳ್ಳನು ಇನ್ನೂ ಒಳಗಿರಬಹುದು. ಯಾವ ವಸ್ತುವನ್ನೂ ಮುಟ್ಟದೆ, ಬೆರಳಗುರುತುಗಳು ಅಳಿಯದಂತೆ ನೋಡಿಕೊಂಡು 112ಕ್ಕೆ ಕರೆ ಮಾಡಬೇಕು. ದೂರು ದಾಖಲಾದ ಮೇಲೆ ಪ್ರಥಮ ವರ್ತಮಾನ ವರದಿಯ ಪ್ರತಿಯನ್ನು ಉಚಿತವಾಗಿ ಪಡೆಯುವುದು ದೂರುದಾರರ ಹಕ್ಕು. ವಾಸದ ಮನೆಯಲ್ಲಿ ಕಳವು ಮಾಡಿದವನಿಗೆ ಭಾರತೀಯ ನ್ಯಾಯ ಸಂಹಿತೆಯು ಏಳು ವರ್ಷಗಳವರೆಗೆ ಸೆರೆವಾಸ ವಿಧಿಸುತ್ತದೆ. ತನಿಖೆ ಪೊಲೀಸರದು, ತೀರ್ಪು ನ್ಯಾಯಾಲಯದ್ದು. ನಮ್ಮ ಪಾಲಿಗಿರುವುದು ಬಾಗಿಲನ್ನು ಭದ್ರಪಡಿಸುವ ಕೆಲಸ.

ಇಂದು ರಾತ್ರಿ ದೀಪ ಆರಿಸುವ ಮುನ್ನ ಮನೆಯ ಹಿರಿಯರು ಹಿತ್ತಲಿಗೊಮ್ಮೆ ಹೋಗಿ ಚಿಲಕವನ್ನು ಅಲುಗಾಡಿಸಿ ನೋಡಲಿ.