ಸಭೆಯಲ್ಲಿ ಸ್ತ್ರೀಯರ ಬೋಧನೆ: ಒಂದು ವಾಕ್ಯ, ಒಂದು ಅಪರೂಪದ ಪದ

2013ರ ಸೆಪ್ಟೆಂಬರ್ ತಿಂಗಳಲ್ಲಿ ಆಂಧ್ರಪ್ರದೇಶದ ನಂದ್ಯಾಲ ಧರ್ಮಪ್ರಾಂತ್ಯಕ್ಕೆ ಇ. ಪುಷ್ಪಲಲಿತಾ ಅವರು ಬಿಷಪ್ ಆದರು. ದಕ್ಷಿಣ ಭಾರತ ಸಭೆಯಲ್ಲಿ ಮಹಿಳೆಯೊಬ್ಬರು ಆ ಪೀಠವನ್ನೇರಿದ್ದು ಅದೇ ಮೊದಲು. ಮಂಗಳೂರು, ಧಾರವಾಡಗಳ ಬಾಸೆಲ್ ಮಿಷನ್ ಪರಂಪರೆಯ ಕನ್ನಡ ಸಭೆಗಳು ಸೇರಿರುವುದೂ ಈ ಸಭೆಯಲ್ಲಿಯೇ. ಆದರೆ 1994ರಲ್ಲಿ ಪೋಪ್ ಎರಡನೆಯ ಜಾನ್ ಪಾಲರು, ಸ್ತ್ರೀಯರಿಗೆ ಗುರುದೀಕ್ಷೆ ನೀಡುವ ಅಧಿಕಾರವೇ ಕಥೋಲಿಕ ಸಭೆಗೆ ಇಲ್ಲವೆಂದು ಘೋಷಿಸಿದ್ದರು. ಅಮೆರಿಕದ ಸದರ್ನ್ ಬ್ಯಾಪ್ಟಿಸ್ಟ್ ಒಕ್ಕೂಟವು ಮಹಿಳಾ ಪಾಸ್ಟರರನ್ನು ನೇಮಿಸಿದ ಕಾರಣಕ್ಕೆ ಕ್ಯಾಲಿಫೋರ್ನಿಯಾದ ಸ್ಯಾಡಲ್‌ಬ್ಯಾಕ್ ಎಂಬ ಬೃಹತ್ ಸಭೆಯನ್ನು 2023ರಲ್ಲಿ ಹೊರಹಾಕಿತು. ಇವರೆಲ್ಲರೂ ಪ್ರಮಾಣವೆಂದು ಒಪ್ಪುವ ಹೊಸ ಒಡಂಬಡಿಕೆ ಒಂದೇ. ಹಾಗಿದ್ದೂ ನಿರ್ಣಯಗಳು ಇಷ್ಟು ಭಿನ್ನವಾಗಲು ಕಾರಣವೇನು?

ಕಥೋಲಿಕರ ವಾದ ಮುಖ್ಯವಾಗಿ ಯೇಸುವು ಪುರುಷರನ್ನೇ ಹನ್ನೆರಡು ಮಂದಿ ಶಿಷ್ಯರನ್ನಾಗಿ ಆರಿಸಿದನೆಂಬುದನ್ನೂ ಸಭೆಯ ಪರಂಪರೆಯನ್ನೂ ಅವಲಂಬಿಸಿದೆ. ಅದು ಬೇರೆಯೇ ಚರ್ಚೆ. ಪ್ರೊಟೆಸ್ಟಂಟರಲ್ಲಿ ವಿವಾದದ ಕೇಂದ್ರ ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರಿಕೆಯ ಎರಡನೆಯ ಅಧ್ಯಾಯ. ಸ್ತ್ರೀಯು ಶಾಂತಳಾಗಿದ್ದು ಅಧೀನಭಾವದಿಂದ ಕಲಿಯಬೇಕು, ಅವಳು ಬೋಧಿಸುವುದಕ್ಕಾಗಲಿ ಪುರುಷನ ಮೇಲೆ ಅಧಿಕಾರ ನಡೆಸುವುದಕ್ಕಾಗಲಿ ತಾನು ಅನುಮತಿ ಕೊಡುವುದಿಲ್ಲ ಎಂಬುದು ಅಲ್ಲಿನ ತಾತ್ಪರ್ಯ. ಆದಾಮನು ಮೊದಲು ಸೃಷ್ಟಿಯಾದದ್ದು, ಹವ್ವಳು ಮೋಸಹೋದದ್ದು ಇದಕ್ಕೆ ಕೊಟ್ಟಿರುವ ಕಾರಣಗಳು. ಪತ್ರಿಕೆಯು ಪೌಲನ ಹೆಸರಿನಲ್ಲಿದೆ. ಅವನ ಅನಂತರದ ಶಿಷ್ಯನೊಬ್ಬನು ಬರೆದದ್ದೆಂದು ಅನೇಕ ವಿದ್ವಾಂಸರ ಅಭಿಪ್ರಾಯ.

ಇಲ್ಲಿ 'ಅಧಿಕಾರ ನಡೆಸು' ಎಂದು ಭಾಷಾಂತರವಾಗಿರುವ ಗ್ರೀಕ್ ಕ್ರಿಯಾಪದ 'ಔಥೆಂಟೇಯಿನ್'. ಇಡೀ ಹೊಸ ಒಡಂಬಡಿಕೆಯಲ್ಲಿ ಈ ಪದ ಕಾಣಿಸುವುದು ಇದೊಂದೇ ಸ್ಥಳದಲ್ಲಿ. ಅಧಿಕಾರಕ್ಕೆ ಪೌಲನು ಸಾಧಾರಣವಾಗಿ ಬಳಸುವ ಪದವು 'ಎಕ್ಸೂಸಿಯ'. ಅದನ್ನು ಬಿಟ್ಟು ಈ ಅಪರೂಪದ ಪದವನ್ನೇ ಲೇಖಕನು ಆರಿಸಿದ್ದೇಕೆ? ಬರಿಯ ಅಧಿಕಾರವೆಂದೇ ಇದರ ಅರ್ಥವೆಂದು ಒಂದು ಪಕ್ಷದವರು. ದಬ್ಬಾಳಿಕೆ ಮಾಡು, ಮೇಲೆಬೀಳು ಎಂಬ ಕಟುವಾದ ಛಾಯೆ ಅದಕ್ಕಿದೆಯೆಂದು ಇನ್ನೊಂದು ಪಕ್ಷದವರು. ಪ್ರಾಚೀನ ಲ್ಯಾಟಿನ್ ಅನುವಾದವು 'ಪ್ರಭುತ್ವ ನಡೆಸು' ಎಂಬರ್ಥದ ಪದವನ್ನಿಟ್ಟರೆ, 1611ರ ಇಂಗ್ಲಿಷ್ ಅನುವಾದವು 'ಅಧಿಕಾರವನ್ನು ಕಸಿದುಕೊ' ಎಂಬರ್ಥದ ಮಾತನ್ನು ಬಳಸಿತು. ಅಧಿಕಾರವನ್ನು ಕಸಿಯಬಾರದೆಂಬುದಕ್ಕೂ ಅಧಿಕಾರವೇ ಸಲ್ಲದೆಂಬುದಕ್ಕೂ ಇರುವ ಅಂತರ ಚಿಕ್ಕದಲ್ಲ. ಸಾಲದೆಂಬಂತೆ, ಗ್ರೀಕಿನಲ್ಲಿ 'ಸ್ತ್ರೀ' ಮತ್ತು 'ಹೆಂಡತಿ' ಎಂಬುದಕ್ಕೆ ಒಂದೇ ಪದ. 'ಪುರುಷ', 'ಗಂಡ' ಎಂಬುದಕ್ಕೂ ಅಷ್ಟೇ. ಮಾತು ಎಲ್ಲ ಸ್ತ್ರೀಯರಿಗೆ ಸಂಬಂಧಿಸಿದ್ದೋ ದಂಪತಿಗಳ ನಡವಳಿಕೆಗೆ ಸಂಬಂಧಿಸಿದ್ದೋ ಎಂಬ ಸಂದೇಹಕ್ಕೂ ಎಡೆಯುಂಟು.

ಒಂದು ವಾಕ್ಯದ ತಾತ್ಪರ್ಯವನ್ನು ನಿರ್ಣಯಿಸಲು ಉಪಕ್ರಮ, ಉಪಸಂಹಾರಗಳನ್ನು ನೋಡಬೇಕೆಂಬುದು ನಮ್ಮ ಮೀಮಾಂಸಕರ ನಿಯಮ. ಈ ಪತ್ರಿಕೆಯ ಉಪಕ್ರಮವೇನು? ಎಫೆಸ ಪಟ್ಟಣದಲ್ಲಿ ತಪ್ಪುಬೋಧನೆ ಹರಡುವವರನ್ನು ತಡೆಯಲು ತಿಮೊಥೆಯನು ಅಲ್ಲಿಯೇ ನಿಲ್ಲಬೇಕೆಂಬ ಸೂಚನೆ. ಮುಂದೆ ಐದನೆಯ ಅಧ್ಯಾಯದಲ್ಲಿ, ಮನೆಯಿಂದ ಮನೆಗೆ ತಿರುಗುತ್ತ ಆಡಬಾರದ್ದನ್ನು ಆಡುವ ಯುವ ವಿಧವೆಯರ ಪ್ರಸ್ತಾಪ ಬರುತ್ತದೆ. ಆದ್ದರಿಂದ ಈ ನಿಷೇಧವು ಆ ಊರಿನ, ಆ ಸಂದರ್ಭದ ಕಟ್ಟಳೆಯೆಂಬ ವಾದಕ್ಕೆ ಪತ್ರಿಕೆಯೊಳಗೇ ಆಧಾರವಿದೆ. 'ಕಲಿಯಬೇಕು' ಎಂಬುದೇ ವಿಧಿರೂಪದಲ್ಲಿದೆಯೆಂಬುದನ್ನೂ ನಾವು ಮರೆಯುತ್ತೇವೆ. ಅಲ್ಲಿ ಹೇಳಿರುವ 'ಶಾಂತಿ'ಗೆ ಹತ್ತಿರದ ಪದವನ್ನೇ ಅದೇ ಅಧ್ಯಾಯದ ಆರಂಭದಲ್ಲಿ ಎಲ್ಲ ವಿಶ್ವಾಸಿಗಳ ನೆಮ್ಮದಿಯ ಬಾಳಿಗೂ ಬಳಸಲಾಗಿದೆ. ಅದು ಬಾಯಿಮುಚ್ಚಿಸುವ ಮೌನವಲ್ಲ.

ಮೌನದ ಕಟ್ಟಪ್ಪಣೆ ಇರುವುದು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 14ನೆಯ ಅಧ್ಯಾಯದಲ್ಲಿ. ಆದರೆ ಅದೇ ಪತ್ರಿಕೆಯ 11ನೆಯ ಅಧ್ಯಾಯದಲ್ಲಿ, ಪ್ರಾರ್ಥಿಸುವ ಮತ್ತು ಪ್ರವಾದಿಸುವ ಸ್ತ್ರೀಯರು ತಲೆಗೆ ಮುಸುಕು ಹಾಕಿಕೊಳ್ಳಬೇಕೆಂದಿದೆ. ಮಾತಾಡಲೇಬಾರದೆಂದಿದ್ದರೆ ಮುಸುಕಿನ ನಿಯಮವೇಕೆ? ಮೌನದ ಆ ಎರಡು ವಾಕ್ಯಗಳು ಕೆಲವು ಪ್ರಾಚೀನ ಹಸ್ತಪ್ರತಿಗಳಲ್ಲಿ ಅಧ್ಯಾಯದ ಕೊನೆಗೆ ಸ್ಥಳಾಂತರಗೊಂಡಿವೆ. ಅಂಚಿನ ಟಿಪ್ಪಣಿಯೊಂದು ಮುಂದೆ ಮೂಲದೊಳಗೆ ಸೇರಿಕೊಂಡಿರಬಹುದೆಂದು ಕೆಲವು ವಿದ್ವಾಂಸರು ಶಂಕಿಸುವುದು ಇದರಿಂದಲೇ.

ಇನ್ನು ಪೌಲನ ಸಂಗಡ ದುಡಿದ ಸ್ತ್ರೀಯರು. ಕೆಂಖ್ರೆಯ ಸಭೆಯ ಸೇವಕಿ ಫೊಯಿಬೆಯನ್ನು ರೋಮಾಪುರದವರು ಆದರದಿಂದ ಬರಮಾಡಿಕೊಳ್ಳಬೇಕೆಂದು ಅವನು ಬರೆಯುತ್ತಾನೆ. ಪ್ರಿಸ್ಕಿಲ್ಲಳು ಗಂಡನಾದ ಅಕ್ವಿಲನೊಂದಿಗೆ ಅಪೊಲ್ಲೋಸನೆಂಬ ವಿದ್ವಾಂಸನಿಗೆ ದೇವರ ಮಾರ್ಗವನ್ನು ಇನ್ನಷ್ಟು ಸ್ಪಷ್ಟವಾಗಿ ವಿವರಿಸಿದಳೆಂದು ಅಪೊಸ್ತಲರ ಕೃತ್ಯಗಳಲ್ಲಿದೆ. ಇದು ನಡೆದದ್ದು ಎಲ್ಲಿ? ತಿಮೊಥೆಯನು ಇದ್ದ ಅದೇ ಎಫೆಸದಲ್ಲಿ!

ಯೂನ್ಯ ಎಂಬ ಹೆಸರಿನ ಕಥೆ ಇನ್ನೂ ಸ್ವಾರಸ್ಯಕರ. ರೋಮಾಪುರದವರಿಗೆ ಬರೆದ ಪತ್ರಿಕೆಯ ಕೊನೆಯಲ್ಲಿ ಪೌಲನು ಅಂದ್ರೋನಿಕ, ಯೂನ್ಯ ಇಬ್ಬರನ್ನೂ ಅಪೊಸ್ತಲರಲ್ಲಿ ಪ್ರಸಿದ್ಧರೆಂದು ವಂದಿಸುತ್ತಾನೆ. ಗ್ರೀಕಿನಲ್ಲಿ ಇಲ್ಲಿ ಹೆಸರಿನ ಲಿಂಗ ನಿರ್ಧಾರವಾಗುವುದು ಸ್ವರಚಿಹ್ನೆಯಿಂದ. ಅತಿ ಹಳೆಯ ಹಸ್ತಪ್ರತಿಗಳಲ್ಲಿ ಆ ಚಿಹ್ನೆಗಳೇ ಇಲ್ಲ. 407ರಲ್ಲಿ ತೀರಿಕೊಂಡ ಜಾನ್ ಕ್ರಿಸೊಸ್ಟಮ್ ಈಕೆಯನ್ನು ಸ್ತ್ರೀಯೆಂದೇ ತಿಳಿದು ಹೊಗಳಿದ್ದಾನೆ. ಅವನೇನೂ ಸ್ತ್ರೀಪಕ್ಷಪಾತಿಯಲ್ಲ. ಬಹುಕಾಲದ ಬಳಿಕ ಯೂರೋಪಿನ ಅನುವಾದಗಳಲ್ಲಿ ಈಕೆ ಪುರುಷನಾದಳು. ಕನ್ನಡದಲ್ಲಿಯೂ ಅನುವಾದಕನಿಗೆ ಇದರಿಂದ ತಪ್ಪಿಸಿಕೊಳ್ಳಲಾಗದು: 'ಯೂನ್ಯನಿಗೆ' ಎನ್ನಬೇಕು, ಇಲ್ಲವೇ 'ಯೂನ್ಯಳಿಗೆ' ಎನ್ನಬೇಕು. ಒಂದು ಅಕ್ಷರದಲ್ಲಿ ಒಬ್ಬ ಅಪೊಸ್ತಲಳು ಉಳಿಯುತ್ತಾಳೆ ಅಥವಾ ಮರೆಯಾಗುತ್ತಾಳೆ. ಇಂದು ಬಹುಪಾಲು ವಿದ್ವಾಂಸರು ಆಕೆ ಸ್ತ್ರೀಯೆಂದು ಒಪ್ಪುತ್ತಾರೆ. 'ಅಪೊಸ್ತಲರಲ್ಲಿ ಪ್ರಸಿದ್ಧಳು' ಎಂದೋ 'ಅಪೊಸ್ತಲರಿಗೆ ಪರಿಚಿತಳು' ಎಂದೋ ಎಂಬ ಚರ್ಚೆ ಮಾತ್ರ ಉಳಿದಿದೆ.

ನಿಷೇಧವು ಸಾರ್ವಕಾಲಿಕವೆನ್ನುವವರ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಎಫೆಸದ ಗೊಂದಲವೊಂದೇ ಕಾರಣವಾಗಿದ್ದರೆ ಲೇಖಕನು ಆದಾಮ, ಹವ್ವರವರೆಗೆ ಹೋಗುತ್ತಿದ್ದನೇ ಎಂದು ಅವರು ಕೇಳುತ್ತಾರೆ. ಪ್ರಿಸ್ಕಿಲ್ಲಳು ಬೋಧಿಸಿದ್ದು ಖಾಸಗಿಯಾಗಿ, ಸಭಾಪಾಲಕಳಾಗಿ ಅಲ್ಲವೆಂದೂ ಹೇಳುತ್ತಾರೆ. ಎದುರುಪಕ್ಷದವರಿಗೆ ಮೊದಲನೆಯ ಪ್ರಶ್ನೆ ನಿಜಕ್ಕೂ ಕಠಿಣವಾದದ್ದು. ಆದರೂ ಅರ್ಥವೇ ಖಚಿತವಾಗದ ಒಂದು ಪದದ ಮೇಲೆ ಸಭೆಯ ಅರ್ಧಕ್ಕಿಂತ ಹೆಚ್ಚು ಜನರ ಬಾಯಿಗೆ ಬೀಗ ಹಾಕುವುದು ಭಾರವಾದ ಕಟ್ಟಡಕ್ಕೆ ತೆಳುವಾದ ಅಡಿಪಾಯವೆಂದೇ ನನಗೆ ತೋರುತ್ತದೆ.

ಈ ವಾದ ಇಂದಿನದೂ ಅಲ್ಲ, ಸ್ತ್ರೀವಾದದ ಕೂಸೂ ಅಲ್ಲ. ಇಂಗ್ಲೆಂಡಿನ ಕ್ವೇಕರ್ ಪಂಥದ ಮಾರ್ಗರೆಟ್ ಫೆಲ್ ಸೆರೆವಾಸದಲ್ಲಿದ್ದಾಗ ಸ್ತ್ರೀಯರ ಬೋಧನೆಯನ್ನು ಶಾಸ್ತ್ರಾಧಾರದಿಂದಲೇ ಸಮರ್ಥಿಸಿ ಬರೆದ ಪುಸ್ತಿಕೆ 1666ರಷ್ಟು ಹಿಂದೆಯೇ ಪ್ರಕಟವಾಗಿತ್ತು. ಆ ದೇಶದ ಆಂಗ್ಲಿಕನ್ ಸಭೆಯು ಮೊದಲ ಮಹಿಳಾ ಪಾದ್ರಿಗಳಿಗೆ ದೀಕ್ಷೆ ಕೊಟ್ಟದ್ದು 1994ರಲ್ಲಿ. 2025ರ ಅಕ್ಟೋಬರ್‌ನಲ್ಲಿ ಸಾರಾ ಮುಲ್ಲಾಲಿ ಅವರನ್ನು ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಪದವಿಗೆ ಹೆಸರಿಸಲಾಯಿತು. ಕಥೋಲಿಕ ಸಭೆಯು 1970ರಲ್ಲಿ ಆವಿಲದ ತೆರೇಸಾ, ಸಿಯೆನಾದ ಕ್ಯಾಥರಿನ್ ಇಬ್ಬರಿಗೂ 'ಸಭೆಯ ಆಚಾರ್ಯೆ' ಎಂಬ ಬಿರುದನ್ನಿತ್ತಿತು. ಬಲಿಪೂಜೆಯ ಪ್ರವಚನವು ಅಲ್ಲಿ ಇಂದಿಗೂ ಗುರುಗಳಿಗೆ ಮತ್ತು ಡೀಕನರಿಗೆ ಮೀಸಲು. ಆ ಪೂಜೆಯಲ್ಲಿ ಶಾಸ್ತ್ರಪಾಠ ಓದುವ ವಾಚಕ ಸೇವೆಗೆ ಸ್ತ್ರೀಯರನ್ನು ವಿಧಿವತ್ತಾಗಿ ನೇಮಿಸಲು ಪೋಪ್ ಫ್ರಾನ್ಸಿಸರು ಸಭಾನಿಯಮವನ್ನು ತಿದ್ದಿದ್ದು 2021ರ ಜನವರಿಯಲ್ಲಿ.