ಹೆಸರು ಒಂದೇ, ಫೋಲ್ಡರು ಎರಡು!

ಸರಗೂರಿನ ವಿದ್ಯಾರ್ಥಿಯೊಬ್ಬನು ತನ್ನ ಗಣಕಯಂತ್ರದಲ್ಲಿರುವ ಪ್ರಯೋಗವರದಿಗಳನ್ನೂ ಚಿತ್ರಗಳನ್ನೂ ಬೇರೊಂದು ಡಿಸ್ಕಿಗೆ ನಕಲು ಮಾಡಿ ಇಡುವನೆಂದು ಭಾವಿಸೋಣ. ಮೂಲವು ಕೆಟ್ಟರೂ ನಕಲು ಉಳಿಯಲೆಂಬುದೇ ಇದರ ಉದ್ದೇಶ. ಆದರೆ ನಕಲಿನಲ್ಲಿ ‘ಕೋಟೆ’ ಎಂಬ ಫೋಲ್ಡರುಗಳು ಎರಡು ಕಾಣಿಸಿಕೊಳ್ಳುವುದುಂಟು! ಕಣ್ಣಿಗೆ ಒಂದೇ ಆಗಿರುವ ಹೆಸರುಗಳನ್ನು ಯಂತ್ರವು ಬೇರೆಬೇರೆಯೆಂದು ಬಗೆದುದು ಹೇಗೆ?

ಯಂತ್ರವು ಅಕ್ಷರದ ಆಕಾರವನ್ನು ನೋಡುವುದಿಲ್ಲ. ಅದಕ್ಕೆ ತಿಳಿಯುವುದು ಸಂಖ್ಯೆ ಮಾತ್ರ. ಲಿಪಿಗಳಿಗೆ ಸಂಖ್ಯೆಗಳನ್ನು ಗೊತ್ತುಮಾಡಿರುವ ಯೂನಿಕೋಡ್ ಪದ್ಧತಿಯಲ್ಲಿ ಕನ್ನಡಕ್ಕೆ 128 ಸ್ಥಾನಗಳು ಮೀಸಲಾಗಿವೆ. ಈ ಪದ್ಧತಿಯಲ್ಲಿ ‘ಕೋ’ ಎಂಬುದನ್ನು ಎರಡು ಬಗೆಯಾಗಿ ದಾಖಲಿಸಬಹುದು. ‘ಕ’ಕಾರದ ಮುಂದೆ ಓಕಾರದ ಒಂದೇ ಸಂಕೇತವನ್ನು ಇಡುವುದು ಒಂದು ಬಗೆ, ಎತ್ವ, ಕೊಂಬಿನ ದೀರ್ಘ, ಕೊನೆಯ ದೀರ್ಘಚಿಹ್ನೆ ಎಂಬ ಮೂರನ್ನು ಇಡುವುದು ಇನ್ನೊಂದು. ಆದುದರಿಂದ ‘ಕೋಟೆ’ಯಲ್ಲಿ ಒಮ್ಮೆ 4 ಸಂಕೇತಗಳಿದ್ದರೆ ಇನ್ನೊಮ್ಮೆ 6 ಇರುವುವು. ಯುಟಿಎಫ್-8 ಕ್ರಮದಲ್ಲಿ ಪ್ರತಿಯೊಂದು ಕನ್ನಡ ಸಂಕೇತಕ್ಕೂ 3 ಬೈಟುಗಳು ಬೇಕಾದುದರಿಂದ ಮೊದಲನೆಯದು 12 ಬೈಟು, ಎರಡನೆಯದು 18 ಬೈಟು. ಇವೆರಡೂ ಸಮಾನವೆಂದು ಯೂನಿಕೋಡ್ ನಿಯಮವೇ ಹೇಳುತ್ತದೆ. ಆದರೆ ಎಲ್ಲ ಯಂತ್ರಗಳೂ ಅದನ್ನು ಪಾಲಿಸುವುದಿಲ್ಲ. ಆಪಲ್ ಸಂಸ್ಥೆಯ 1998ರ ಎಚ್‌ಎಫ್‌ಎಸ್ ಪ್ಲಸ್ ಪದ್ಧತಿಯು ಹೆಸರುಗಳನ್ನು ಬಿಡಿಸಿ ಇಡುತ್ತಿದ್ದಿತು. ವಿಂಡೋಸ್ ಮತ್ತು ಲಿನಕ್ಸ್‌ಗಳು ಸಾಮಾನ್ಯವಾಗಿ ಕೊಟ್ಟುದನ್ನು ಕೊಟ್ಟಂತೆಯೇ ಇಡುವುವು.

ಇದರಲ್ಲಿ ಅಪಾಯವೇನು? ಹಳೆಯ ವರದಿಗಳು ಒಂದರಲ್ಲಿ, ಹೊಸವು ಇನ್ನೊಂದರಲ್ಲಿ ಸೇರಿರಬಹುದು. ‘ಹೆಚ್ಚಿನದು’ ಎಂದು ಒಂದನ್ನು ಅಳಿಸಿದರೆ ಒಂದು ವರ್ಷದ ದುಡಿಮೆಯೇ ಹೋದೀತು.

ಬೇರೆ ತೊಡಕುಗಳೂ ಇವೆ. ಲಿನಕ್ಸ್ ಒಪ್ಪುವ ‘ಭೌತಶಾಸ್ತ್ರ: ಪ್ರಯೋಗ’ ಎಂಬ ಹೆಸರನ್ನು ವಿಂಡೋಸ್ ಒಪ್ಪದು, ಕಾರಣ, ನಡುವಣ ವಿವರಣ ಚಿಹ್ನೆ. ಓರೆಗೆರೆ, ಪ್ರಶ್ನಾರ್ಥಕ ಚಿಹ್ನೆ, ನಕ್ಷತ್ರ ಚಿಹ್ನೆಗಳಿಗೂ ಅಲ್ಲಿ ಪ್ರವೇಶವಿಲ್ಲ. ‘ಎಚ್.ಡಿ.’ ಎಂದು ಚುಕ್ಕೆಯಿಂದ ಮುಗಿಯುವ ಹೆಸರೂ ತೊಂದರೆ ಕೊಡುವುದು. ‘ತಾಲ್ಲೂಕು’, ‘ತಾಲೂಕು’ ಎಂಬಂತಹ ಕಾಗುಣಿತ ಭೇದವನ್ನಂತೂ ಯಾವ ಯಂತ್ರವೂ ಸರಿಪಡಿಸಲಾರದು.

ಪರಿಹಾರವು ಸುಲಭ. ಒಂದು ವಿಷಯಕ್ಕೆ ಒಂದೇ ಕಾಗುಣಿತವನ್ನು ನಿಶ್ಚಯಿಸಿ, ಚಿಕ್ಕ ಹೆಸರನ್ನು ಕೊಡಬೇಕು. ದಿನಾಂಕವನ್ನು ‘2025-03-09’ ಎಂದು ವರ್ಷ, ತಿಂಗಳು, ದಿನ ಎಂಬ ಅನುಕ್ರಮದಲ್ಲಿ ಬರೆದರೆ ಫೋಲ್ಡರುಗಳು ಕಾಲಕ್ರಮದಲ್ಲಿ ತಾವಾಗಿಯೇ ನಿಲ್ಲುವುವು. ತಿದ್ದುಪಡಿಯನ್ನು ಮೊದಲು ಮೂಲದಲ್ಲಿ ಮಾಡಿ, ಆಮೇಲೆ ಹೊಸದಾಗಿ ನಕಲು ಮಾಡುವುದು ಮೇಲು. ಜೋಡಿ ಫೋಲ್ಡರು ಕಂಡರೆ ಎರಡನ್ನೂ ತೆರೆದು ಕಡತಗಳನ್ನು ಹೋಲಿಸಿ ನೋಡುವವರೆಗೆ ಯಾವುದನ್ನೂ ಅಳಿಸಕೂಡದು. ಕೊನೆಗೆ ಮೂಲದಲ್ಲಿಯೂ ನಕಲಿನಲ್ಲಿಯೂ ಕಡತಗಳ ಸಂಖ್ಯೆಯನ್ನು ಎಣಿಸಿ ತಾಳೆ ನೋಡಬೇಕು. ಕೆಲವು ಕಡತಗಳನ್ನು ಬೇರೊಂದು ಯಂತ್ರದಲ್ಲಿ ತೆರೆದು ಪರೀಕ್ಷಿಸಬೇಕು.

ಅಳತೆಯನ್ನು ಎರಡನೆಯ ಸಲ ತೆಗೆದು ನೋಡದೆ ಪ್ರಯೋಗದ ಫಲಿತಾಂಶವನ್ನು ನಾವು ನಂಬುವುದಿಲ್ಲ. ನಕಲಿಗೂ ಅದೇ ನಿಯಮ: ತೆರೆದು ನೋಡದ ನಕಲನ್ನು ನಕಲೆಂದು ನಂಬಲಾಗದು.